ಹಸಿ ಉಳಿದ ಬೀಜ

ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಅಜ್ಜಿ ಜಗುಲಿಯಲ್ಲಿ ಕೂತು ಕೊಟ್ಟಿಗೆಯಲ್ಲಿದ್ದ ಅಪ್ಪನ ಜೊತೆ ಜಗಳವಾಡುವವಳು. ಅಪ್ಪ ಕೊಟ್ಟಿಗೆಯಿಂದಲೇ ಅಡುಗೆಮನೆಯ ಅವ್ವನಿಗೆ ಕೇಳುವಂತೆ ಉತ್ತರ ಕೊಡುವವನು. ಚಿನಕುರಳಿಯ ಊರಂಚಿನ ಮನೆ ಅದು. ಮುಂದೆ ಜಗುಲಿ, ಆಮೇಲೆ ನಡುಮನೆ, ನಡುಮನೆಯ ಪಕ್ಕಕ್ಕೆ ಚಿಕ್ಕಪ್ಪನ ಮದುವೆಯ ವರ್ಷ ಗೋಡೆ ಎಬ್ಬಿಸಿ ಮಾಡಿದ ಒಂದು ಕಿರುಕೋಣೆ, ಹಿಂದೆ ಅಡುಗೆಮನೆ, ಅದರ ಬಾಗಿಲು ತೆರೆದರೆ ಹಿತ್ತಿಲು. ಹಿತ್ತಿಲಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಮಲಗಿದ ಎಮ್ಮೆಯ ಬೆನ್ನಿನಂತೆ ನೆಲದಿಂದ ಎದ್ದಿದ್ದ ಒಂದು ಕರಿಬಂಡೆ ಬೇಲಿಯ ಅಡಿಗೆ ನುಸುಳಿ, ಪಕ್ಕದ ಹೊಲದಲ್ಲಿ ಒಮ್ಮೆ ತಲೆಯೆತ್ತಿ, ಅರ್ಧ ಮೈಲಿ ಆಚೆಯ ಕಲ್ಲುಕ್ವಾರಿಯವರೆಗೂ ಹೋಗುತ್ತಿತ್ತು. ಅಲ್ಲಿ ಒಡೆಯುವುದೂ ಇಲ್ಲಿ ನಾವು ಬಟ್ಟೆ ಒಗೆಯುವುದೂ ಒಂದೇ ಬಂಡೆ ಎಂದು ಅಪ್ಪ ಹೇಳುತ್ತಿದ್ದ. ಹೊರಗಿನ ಒಲೆಯನ್ನು ಆ ಬಂಡೆಯ ಮೇಲೆಯೇ ಹೂಡಿದ್ದರು.

ಚಿಕ್ಕಪ್ಪ ಶಿವಣ್ಣ ಆ ಕ್ವಾರಿಯಲ್ಲಿ ಬತ್ತಿ ಹಚ್ಚುವವನು. ಹಿಂದಿನ ದಿನವೇ ಬಂಡೆಗೆ ಕೊರೆದಿಟ್ಟ ತೂತುಗಳಿಗೆ ಮದ್ದು ತುಂಬಿ, ಬತ್ತಿ ಇಳಿಬಿಟ್ಟು, ಮಧ್ಯಾಹ್ನ ಊಟದ ಹೊತ್ತಿಗೆ ಆಳುಗಳನ್ನೆಲ್ಲ ದೂರ ಕಳಿಸಿ ಹಚ್ಚಿ ಓಡಿಬರುವುದು ಅವನ ಕೆಲಸ. ಒಂದೊಂದು ಬತ್ತಿ ಒಂದೊಂದು ಉದ್ದ, ಹಾಗಾಗಿ ಸಿಡಿತಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಬೆಳಿಗ್ಗೆ ಅವನು ಮುದ್ದೆ ಉಂಡು ಕೈ ತೊಳೆಯುವಾಗ ಅಜ್ಜಿ ಕೇಳುತ್ತಿದ್ದಳು.

“ಇವತ್ತು ಎಷ್ಟ್ಲಾ?”

“ಒಂಬತ್ತು ಕಣವ್ವ.”

ಅಜ್ಜಿ ಅಷ್ಟು ಹುಣಸೆಬೀಜ ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಳ್ಳುವಳು. ಮಧ್ಯಾಹ್ನ ಜಗುಲಿಯಲ್ಲಿ ಕೂತು ಗಂಟು ಬಿಚ್ಚಿ ಬೀಜಗಳನ್ನು ಎಡಕ್ಕೆ ಹರಡಿಕೊಳ್ಳುವಳು. ಒಂದು ಸದ್ದಿಗೆ ಒಂದು ಬೀಜ ಬಲಕ್ಕೆ. ಎಡಗಡೆ ಬರಿದಾದ ಮೇಲೆಯೇ ನಮಗೆಲ್ಲ ಊಟ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಪಕ್ಕದ ಮನೆಯವರೂ ಹೀಗೆಯೇ ಬೀಜ ಸರಿಸಿದ ಮೇಲೆ ಉಣ್ಣುತ್ತಾರೆ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಆ ಮನೆಗೆ ಚಿಕ್ಕವ್ವ ಬಂದಳು. ಹೆಸರು ಗೌರಮ್ಮ, ಶ್ರೀರಂಗಪಟ್ಟಣದವಳು. ಅವಳ ಅಪ್ಪ ಅಲ್ಲಿಯ ಒಂದು ಕಾಫಿಪುಡಿ ಅಂಗಡಿಯಲ್ಲಿ ಬೀಜ ಹುರಿಯುವ ಡ್ರಮ್ಮು ತಿರುಗಿಸುವವನು. ಬೇರೆ ಸೊಸೆಯರ ಜೊತೆ ಹಂಡೆ ಕೊಳದಪ್ಪಲೆ ಬಂದರೆ ಇವಳ ಜೊತೆ ದಪ್ಪ ತಳದ ಒಂದು ಕಬ್ಬಿಣದ ಬಾಂಡ್ಲಿ, ಮೊಳಕೈಗಿಂತ ಉದ್ದದ ಒಂದು ಮರದ ಸೌಟು, ಒಂದು ಚೀಲ ಹಸಿ ಕಾಫಿಬೀಜ ಬಂದವು. ಅದುವರೆಗೆ ನಮ್ಮ ಮನೆಯಲ್ಲಿ ಸಂತೆಯ ಪುಡಿಗೆ ಬೆಲ್ಲ ಹಾಕಿ ಕುದಿಸಿದ್ದೇ ಕಾಫಿ. ಚಿಕ್ಕವ್ವ ಹುರಿದು ಕುಟ್ಟಿದ ಪುಡಿಯ ಕಾಫಿ ಕುಡಿದ ದಿನ ಅಜ್ಜಿ ಲೋಟವನ್ನು ಇನ್ನೊಮ್ಮೆ ಮುಂದೆ ಮಾಡಿದಳು.

ವಾರಕ್ಕೊಮ್ಮೆ, ನನಗೆ ಶಾಲೆಗೆ ರಜೆಯಿದ್ದ ದಿನ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಹುರಿಯುವುದು. ಉರಿ ಕೂಡದು, ಹುಣಸೆ ಸೌದೆಯ ಕೆಂಡವೇ ಆಗಬೇಕು. ಬೂದಿಹಸಿರು ಬಣ್ಣದ ಬೀಜ ಬಾಂಡ್ಲಿಗೆ ಬಿದ್ದು ಸ್ವಲ್ಪ ಹೊತ್ತಿಗೆ ನೆನೆದ ಹುಲ್ಲಿನ ವಾಸನೆ ಏಳುತ್ತಿತ್ತು. ಆಮೇಲೆ ಬೀಜ ಒಣಹುಲ್ಲಿನಂತೆ ಹಳದಿಯಾಗುವುದು, ರೊಟ್ಟಿ ಬೇಯುವ ವಾಸನೆ ಬರುವುದು, ಕಂದು ತಿರುಗುವುದು, ಹೊಟ್ಟು ಹಾರುವುದು, ಕೊನೆಗೆ ಚಟಚಟ ಸಿಡಿಯಲು ಶುರುಮಾಡುವುದು. ನಾನು ಪ್ರತಿಸಲ ಅಲ್ಲಿಗೆ ಮುಗಿಯಿತು ಎಂದು ಮೊರ ಹಿಡಿದು ಏಳುತ್ತಿದ್ದೆ. ಚಿಕ್ಕವ್ವ ಏಳಗೊಡುತ್ತಿರಲಿಲ್ಲ. ಕೆಂಡವನ್ನು ಅರ್ಧ ಹೊರಗೆಳೆದು, ಸದ್ದು ಕಮ್ಮಿಯಾಗಿ ನಿಲ್ಲುವ ತನಕ ಕೈಯಾಡಿಸುತ್ತಲೇ ಇರುವಳು. ನಿಂತ ಮೇಲೂ ಇಳಿಸುತ್ತಿರಲಿಲ್ಲ. ಒಂದು ಬೀಜ ತೆಗೆದು ಬಂಡೆಯ ಮೇಲಿಟ್ಟು ಕಲ್ಲಿನಿಂದ ಜಜ್ಜಿ ಒಳಗಿನ ಬಣ್ಣ ನನಗೆ ತೋರಿಸುವಳು.

“ಮೈ ಕೆಂಪಾಯ್ತು ಅಂದ್ರೆ ಬೆಂದಂಗಲ್ಲ ಅಮ್ಮಿ. ದಡದಡ ಉರಿ ಕೊಟ್ರೆ ಮೇಲಕ್ಕೆ ಬಣ್ಣ ಬಂದ್ಬುಡ್ತದೆ, ಒಳಗೆ ಹುಲ್ಲು ಹುಲ್ಲಾಗೇ ಇರ್ತದೆ. ಕಣ್ಣಿಗೆ ಗೊತ್ತಾಗಕಿಲ್ಲ, ಕುಡಿದವ್ರ ಹೊಟ್ಟೆಗೆ ಗೊತ್ತಾಯ್ತದೆ.”

ಈಗ ಪಾಂಡವಪುರದ ನನ್ನ ಮನೆಯಲ್ಲಿ ಗ್ಯಾಸ್ ಒಲೆಯ ಮೇಲೆ ನಾನು ಹುರಿಯುವುದೂ ಹಾಗೆಯೇ. ಮೊದಲು ಸಣ್ಣ ಉರಿ, ಸಿಡಿದ ಮೇಲೆ ಇನ್ನೂ ಸಣ್ಣ ಉರಿ, ಜಜ್ಜಿ ನೋಡದೆ ಇಳಿಸುವುದಿಲ್ಲ. ನನ್ನ ಸೊಸೆ ಮೊಬೈಲಿನಲ್ಲಿ ಹೊತ್ತು ನೋಡಿ ಇಷ್ಟು ನಿಮಿಷ ಎನ್ನುತ್ತಾಳೆ. ಮಳೆಗಾಲದ ಬೀಜಕ್ಕೂ ಬೇಸಿಗೆಯ ಬೀಜಕ್ಕೂ ಒಂದೇ ನಿಮಿಷ ಹೇಗಾದೀತು ಎಂದು ನಾನು ಅವಳಿಗೆ ಹೇಳಿ ಸೋತಿದ್ದೇನೆ.

ಆದರೆ ಹುರಿಯುವಾಗ ಚಿಕ್ಕವ್ವ ಇನ್ನೊಂದು ಮಾಡುತ್ತಿದ್ದಳು. ಅದನ್ನು ಕಂಡರೆ ನನಗೂ ಮೈ ಜುಮ್ಮೆನ್ನುತ್ತಿತ್ತು. ಬೀಜ ಕಂದು ತಿರುಗುವ ಹೊತ್ತಿಗೆ ಸೌಟಿನ ತುದಿಯನ್ನು ದವಡೆಗೆ, ಕಿವಿಯ ಕೆಳಗೆ, ಒತ್ತಿಕೊಂಡು ಕಣ್ಣು ಮುಚ್ಚಿ ಕೂರುವಳು. ಯಾರದೋ ಮಾತು ಕೇಳುತ್ತಿರುವ ಹಾಗೆ ತುಟಿ ಅಲುಗುತ್ತಿತ್ತು. ನಡುಮನೆಯ ಗೋಡೆಗೆ ಹಣೆ ಹಚ್ಚಿ ನಿಂತಿರುವುದನ್ನು ಅವ್ವ ಎರಡು ಸಲ ಕಂಡಿದ್ದಳು. ಯಾರಾದರೂ ಬಾಗಿಲಿಗೆ ಬಂದರೆ ಕರೆಯುವ ಮುಂಚೆಯೇ ತಿರುಗಿ ನೋಡುವಳು. ಕೆಲವೊಮ್ಮೆ ಹಿಂದೆ ನಿಂತು ನಾಲ್ಕು ಸಲ ಕರೆದರೂ ತಿರುಗುತ್ತಿರಲಿಲ್ಲ. ಮಾತಾಡುವವರ ಮುಖವನ್ನು ಕಣ್ಣು ಮಿಟುಕಿಸದೆ ನೋಡುವಳು.

“ಅವಳು ನೋಡೋ ನೋಟ ಸರಿಯಿಲ್ಲ ಕಣೆ. ಬಾಯೊಳಗೆ ಇಳಿಯಂಗೆ ನೋಡ್ತಾಳೆ,” ಎಂದು ಅಜ್ಜಿ ಅವ್ವನಿಗೆ ಹೇಳುತ್ತಿದ್ದಳು.

“ಪ್ಯಾಟೆ ಹುಡುಗಿ ಅತ್ತೆ, ಬುಡಿ. ರೂಢಿ ಆಯ್ತದೆ,” ಎಂದು ಅವ್ವ ಮಾತು ಮುಗಿಸುತ್ತಿದ್ದಳು.

ಹೀಗೆ ಎರಡು ವರ್ಷ ಕಳೆಯಿತು. ಆ ದಿನ ತೂತು ಒಂಬತ್ತೇ. ಅಜ್ಜಿ ಜಗುಲಿಯಲ್ಲಿ, ಚಿಕ್ಕವ್ವ ಹಿತ್ತಿಲ ಒಲೆಯ ಮುಂದೆ, ನಾನು ಅವಳ ಪಕ್ಕ. ಬೀಜ ಸಿಡಿಯಲು ಶುರುವಾಗಿತ್ತು, ಕ್ವಾರಿಯೂ ಶುರುವಾಯಿತು. ಎದುರು ಗುಡ್ಡ ಪ್ರತಿ ಸದ್ದನ್ನೂ ಹಿಡಿದು ವಾಪಸು ಎಸೆಯುತ್ತಿತ್ತು. ನಾನು ಬೆರಳು ಮಡಚುತ್ತ ಎಣಿಸಿದೆ. ಒಂಬತ್ತನೆಯದು ಬಂದಾಗ ಜಗುಲಿಯಿಂದ ಅಜ್ಜಿಯ ದನಿ ಬಂತು: “ಆಯ್ತು, ತಟ್ಟೆ ಹಾಕ್ರವ್ವ.” ಚಿಕ್ಕವ್ವ ಸೌಟಿನ ತುದಿಯನ್ನು ದವಡೆಯಿಂದ ತೆಗೆದಳು. ಬರಿಗಾಲನ್ನು ಬಂಡೆಯ ಮೇಲೆ ಸರಿಯಾಗಿ ಊರಿಕೊಂಡು ಸ್ವಲ್ಪ ಹೊತ್ತು ಕಾದಳು. ಮುಖ ಬಿಳಿಚಿತು.

“ಎಂಟೇ ಬಂದದ್ದು.”

“ಒಂಬತ್ತು ಚಿಕ್ಕವ್ವ, ನಾನೂ ಎಣಿಸಿದೆ,” ಎಂದೆ.

“ಎಂಟೇ. ಒಂದು ಒಳಗೇ ಕುಂತದೆ.”

ಬಾಂಡ್ಲಿಯನ್ನು ಹಾಗೆಯೇ ಬಿಟ್ಟು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಲಿಯ ಸಂದಿಯಲ್ಲಿ ನುಗ್ಗಿ ಓಡಿದಳು. ಮದುವೆಯಾದ ಹೆಂಗಸು ಹೊಲದಲ್ಲಿ ಹಾಗೆ ಓಡುವುದನ್ನು ನಾನು ಕಂಡಿರಲಿಲ್ಲ. ನಾನೂ ಹಿಂದೆ ಓಡಿದೆ. ಕ್ವಾರಿಯ ಬಾಯಲ್ಲಿ ಹೊಗೆ ಇನ್ನೂ ತೇಲುತ್ತಿತ್ತು. ಹೊಂಗೆಮರದ ಕೆಳಗಿದ್ದ ಆಳುಗಳು ಎದ್ದು ಟವೆಲ್ಲು ಕೊಡವುತ್ತಿದ್ದರು. ಚಿಕ್ಕಪ್ಪ ಹಾರೆ ಹಿಡಿದು ಎಲ್ಲರಿಗಿಂತ ಮುಂದಿದ್ದ. ಚಿಕ್ಕವ್ವ ಅವನ ಮುಂದೆ ಹೋಗಿ ನಿಂತಳು.

“ಒಳಕ್ಕೆ ಓಗ್ಬೇಡಿ. ಎಂಟೇ ಬಂದದ್ದು.”

“ಒಂಬತ್ತು ಎಣಿಸಿವ್ನಿ ಕಣೆ. ನಡಿ ಮನೆಗೆ. ಎಲ್ಲ ನೋಡ್ತಾವ್ರೆ.”

“ಒಂದು ಒಳಗದೆ.”

ಆಳುಗಳು ನಕ್ಕರು. ಅವರಲ್ಲಿ ವಯಸ್ಸಾದವನೊಬ್ಬ ಮಾತ್ರ, “ಒಂದು ಬೀಡಿ ಸೇದೋಗಂಟ ಕುಂತ್ಕಳ್ಲಾ ಶಿವಣ್ಣ, ಏನೋಯ್ತದೆ,” ಎಂದ. ಆ ಮಾತಿಗೆ ಚಿಕ್ಕಪ್ಪನಿಗೆ ಇನ್ನಷ್ಟು ಅವಮಾನವಾಯಿತೆಂದು ಕಾಣುತ್ತದೆ. ಅವಳ ಕೈ ಒದರಿ ಮುಂದೆ ಹೆಜ್ಜೆಯಿಟ್ಟ. ಚಿಕ್ಕವ್ವ ಅಲ್ಲೇ ಕುಸಿದು ಕೂತು ಅವನ ಎರಡೂ ಕಾಲನ್ನು ತಬ್ಬಿ ಹಿಡಿದಳು. ಅವನು ಹೊಡೆಯಲು ಕೈ ಎತ್ತಿದ. ಎತ್ತಿದ ಕೈ ಕೆಳಗಿಳಿಯುವ ಮೊದಲೇ ಆ ಒಂದು ಸಿಡಿಯಿತು.

ಸದ್ದಿಗೆ ನಾನು ನೆಲಕ್ಕೆ ಬಿದ್ದೆ. ಕುಂಬಳಕಾಯಿ ಗಾತ್ರದ ಕಲ್ಲುಗಳು, ಅವರು ಹೋಗಿ ನಿಲ್ಲಬೇಕಾಗಿದ್ದ ಜಾಗಕ್ಕೆ, ಒಂದೊಂದಾಗಿ ಬಂದು ಬಿದ್ದವು. ಗಂಡಸರೆಲ್ಲ ತಲೆಯ ಮೇಲೆ ಕೈ ಹೊತ್ತು ಕುಕ್ಕರುಗಾಲಿನಲ್ಲಿ ಕೂತಿದ್ದರು. ಚಿಕ್ಕವ್ವ ಒಬ್ಬಳು ಬಗ್ಗಿರಲಿಲ್ಲ. ಅಂಗೈಯನ್ನು ಬಂಡೆಯ ಮೇಲೆ ಊರಿ, ಕಣ್ಣು ಮುಚ್ಚಿ, ಮನೆಯಲ್ಲಿ ಬೀಜದ ಲೆಕ್ಕ ಒಪ್ಪಿಸುವವಳಂತೆ ಹೇಳಿದಳು, “ಒಂಬತ್ತು.”

ಆಗ ಚಿಕ್ಕಪ್ಪ ಅವಳನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಜೀವ ಉಳಿಸಿದವಳನ್ನು ನೋಡುವ ನೋಟವಲ್ಲ ಅದು. ಅವಳ ಕೈಯಿಂದ ಕಾಲು ಬಿಡಿಸಿಕೊಂಡು ಹಿಂದೆ ಹಿಂದೆ ಸರಿದ.

ಮನೆಗೆ ಬಂದಾಗ ಅಜ್ಜಿ ಬಾಂಡ್ಲಿಯನ್ನು ಕೆಳಗಿಳಿಸಿದ್ದಳು. ಬೀಜ ಮೇಲೆ ಚೆನ್ನಾಗಿ ಕಂದಾಗಿತ್ತು. ಅವ್ವ ಇನ್ನೊಂದಿಷ್ಟು ಹುರಿದರಾಯಿತು ಎಂದಳು. “ಇಲ್ಲಕ್ಕ, ಒಂದ್ಸಲ ತಣ್ಣಗಾದ್ಮೇಲೆ ಒಳಗೆ ಬೇಯಕಿಲ್ಲ, ಮೇಲೆ ಸುಡ್ತದಷ್ಟೆ,” ಎಂದು ಚಿಕ್ಕವ್ವ ಎಂದಿನಂತೆ ಹೇಳಿದಳು. ಅಜ್ಜಿ ಆ ಬೀಜವನ್ನು ತಾನೇ ಒಯ್ದು ತಿಪ್ಪೆಯಲ್ಲಿ ಹೂತುಬಂದಳು.

ಮೊದಲ ವಾರ ಊರಿನವರು ಹೊಗಳಲು ಬಂದರು. ಆಮೇಲೆ ಕೇಳಲು ಬಂದರು. ಒಬ್ಬ ಬೋರು ಕೊರೆಸುವ ಜಾಗಕ್ಕೆ ಬಂದು ನೆಲಕ್ಕೆ ಕಿವಿಯಿಡು ಎಂದ. ಬಸುರಿಯೊಬ್ಬಳು ಹೊಟ್ಟೆ ತೋರಿಸಿದಳು. ಚಿಕ್ಕವ್ವ ಎಲ್ಲರ ಮುಖ ನೋಡಿ ಮುಗುಳ್ನಗುವಳು, ಎಲ್ಲದಕ್ಕೂ ತಲೆಯಾಡಿಸುವಳು. ಕ್ಯಾತನಹಳ್ಳಿಯಿಂದ ಬಂದ ಹೆಂಗಸೊಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತ, “ನಮ್ಮಪ್ಪ ಉಳ್ಕತನಾ ತಾಯಿ?” ಎಂದು ಕೇಳಿದಳು. ಚಿಕ್ಕವ್ವ ಅವಳನ್ನೇ ನೋಡಿ, ಗೊತ್ತಿಲ್ಲವೆನ್ನುವಂತೆ ಮೆಲ್ಲನೆ ತಲೆ ಅಲ್ಲಾಡಿಸಿದಳು. ಮೂರನೆಯ ದಿನ ಆ ಮುದುಕ ತೀರಿಹೋದ. ಆಮೇಲೆ ನಮ್ಮ ಮನೆಗೆ ಯಾರೂ ಬರಲಿಲ್ಲ.

ಆ ಹೊತ್ತಿಗೆ ಮನೆಯೊಳಗೂ ಒಂದು ಬದಲಾವಣೆ ಆಗಿಬಿಟ್ಟಿತ್ತು. ಅಜ್ಜಿ ಪಿಸುಗುಟ್ಟಲು ಶುರುಮಾಡಿದ್ದಳು. “ಮೆಲ್ಲಗೆ ಆಡ್ರವ್ವ. ಕಲ್ಲೊಳಗಿನದು ಕೇಳುಸ್ಕಳೋಳಿಗೆ ಗೋಡೆ ಒಂದು ಲೆಕ್ಕವ?” ಒಬ್ಬರಿಂದೊಬ್ಬರಿಗೆ ಅದು ಅಂಟಿತು. ಕೊಟ್ಟಿಗೆಯಿಂದ ಕೂಗುತ್ತಿದ್ದ ಅಪ್ಪ ಈಗ ಒಳಗೆ ಬಂದು ಅವ್ವನ ಕಿವಿಯ ಬಳಿ ಹೇಳಿಹೋಗುತ್ತಿದ್ದ. ಉಪ್ಪು ಕೇಳಬೇಕಾದರೂ ತುಟಿ ಅಲುಗದಂತೆ ಕೇಳುವುದು. ಹಾಡುಹಗಲಲ್ಲಿ ಆರು ಜನ ಇರುವ ಮನೆಯಲ್ಲಿ ಎತ್ತಿನ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಶಾಲೆಯಿಂದ ಬಂದು ಹೊಸಿಲ ಮೇಲೆ ನಿಂತರೆ ಸಾವಿನ ಮನೆಗೆ ಬಂದಂತಾಗುತ್ತಿತ್ತು. ನಾವು ಪಿಸುಗುಟ್ಟಿದಷ್ಟೂ ಚಿಕ್ಕವ್ವ ನಮ್ಮ ಮುಖಗಳಿಗೆ ಇನ್ನಷ್ಟು ಹತ್ತಿರ ಬಂದು ನೋಡುತ್ತಿದ್ದಳು, ಅವಳು ನೋಡಿದಷ್ಟೂ ನಾವು ಮುಖ ತಿರುಗಿಸುತ್ತಿದ್ದೆವು. ಅವಳಿಗೆ ಹೇಳಿದ ಕೆಲಸ ಒಂದಾದರೆ ಮಾಡುವುದು ಇನ್ನೊಂದಾಯಿತು. ಬೇಕೆಂದೇ ಆಟವಾಡಿಸುತ್ತಿದ್ದಾಳೆ ಎಂದು ಅಜ್ಜಿ ಅಂದಳು. ಚಿಕ್ಕಪ್ಪ ಚಾಪೆ ತಂದು ಜಗುಲಿಯಲ್ಲಿ ಹಾಸಿಕೊಂಡ.

ಅವಳ ಕೈಯಡುಗೆ ನಿಂತಿತು, ಹುರಿಯುವುದೂ ನಿಂತಿತು. ಬೀಜದ ಚೀಲ ಅಜ್ಜಿಯ ಮಂಚದ ಕೆಳಗೆ ಹೋಯಿತು. ಅಜ್ಜಿ ತಾನೇ ಹುರಿಯಲು ಕೂತಳು. ಕಬ್ಬಿನ ತರಗು ತುರುಕಿ ಧಗಧಗ ಉರಿ ಹಾಕಿ, ಬೀಜ ಕೆಂಪಾಗುತ್ತಲೇ ಇಳಿಸಿ ಕುಟ್ಟಿಸಿದಳು. ಆ ಕಾಫಿಯನ್ನು ನಾನು ಹೇಗೆ ವರ್ಣಿಸಲಿ? ಬಣ್ಣವೇನೋ ಇತ್ತು. ಬಾಯಿಗಿಟ್ಟರೆ ಹಸಿ ಕಡಲೆಕಾಯಿ ಅಗಿದಂತೆ, ಹುಲ್ಲು ನೆನೆಸಿದ ನೀರಿನಂತೆ, ಹಿಂದಿನಿಂದ ನಾಲಿಗೆ ಹಿಡಿಯುವ ಒಂದು ಹುಳಿ. ಬೆಲ್ಲ ಹೆಚ್ಚು ಹಾಕಿದರೂ ಅದು ಹೋಗುತ್ತಿರಲಿಲ್ಲ. ಅಪ್ಪ ಮೊದಲ ಗುಟುಕು ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೆಲ ನೋಡಿದ, ಆಮೇಲೆ ನುಂಗಿದ. ಚಿಕ್ಕಪ್ಪ ನುಂಗಿದ. ಅವ್ವ ನುಂಗಿದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಎದೆ ಉರಿ, ಹೊಟ್ಟೆ ತೊಳಸು. ಯಾರೂ ಕಾಫಿಯ ಹೆಸರೆತ್ತಲಿಲ್ಲ. ಚಿಕ್ಕವ್ವನೊಬ್ಬಳು ಒಂದು ಗುಟುಕಿಗೆ ಲೋಟ ಕೆಳಗಿಟ್ಟು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಒಂದು ತಿಂಗಳಿಗೂ ಹೆಚ್ಚು ಕಾಲ ನಾವು ದಿನಕ್ಕೆರಡು ಸಲ ಅದನ್ನೇ ಕುಡಿದೆವು.

ಆಮೇಲೆ ಕೆ.ಆರ್. ಪೇಟೆಯಲ್ಲಿ ಅವ್ವನ ಕಡೆಯ ಒಂದು ಮದುವೆ ಬಂತು. ಎಲ್ಲರೂ ಬೆಳಿಗ್ಗೆಯೇ ಟ್ರಾಕ್ಟರಿನಲ್ಲಿ ಹೊರಟರು. ಚಿಕ್ಕವ್ವನನ್ನು ಮದುವೆ ಮನೆಗೆ ಕರೆದೊಯ್ಯುವ ಮಾತೇ ಇರಲಿಲ್ಲ. ನನಗೆ ಜ್ವರವಿದ್ದುದರಿಂದ ನನ್ನನ್ನೂ ಬಿಟ್ಟರು. ಹೊರಡುವಾಗ ಅಜ್ಜಿ ನನ್ನ ಹಣೆಗೆ ಇಬತ್ತಿ ಹಚ್ಚಿ, “ಅವಳ ಹತ್ರ ಮಾತಾಡ್ಬೇಡ ಅಮ್ಮಿ, ನಡುಮನೇಲೇ ಬಿದ್ಕಂಡಿರು,” ಎಂದು ಕಿವಿಯಲ್ಲಿ ಹೇಳಿಹೋದಳು. ನಾನು ಮಲಗಿದೆ. ಎದ್ದಾಗ ಬಿಸಿಲು ಜಂತೆಯ ಸಂದಿಯಿಂದ ನೇರ ಬೀಳುತ್ತಿತ್ತು. ಮನೆ ತುಂಬ ರೊಟ್ಟಿ ಬೇಯುವ ವಾಸನೆ. ರೊಟ್ಟಿಯಲ್ಲ ಎಂದು ನನಗೆ ಗೊತ್ತಿತ್ತು.

ಹಿತ್ತಿಲ ಬಾಗಿಲಿಗೆ ಹೋಗಿ ನಿಂತೆ. ಚಿಕ್ಕವ್ವ ನನಗೆ ಬೆನ್ನು ಹಾಕಿ ಒಲೆಯ ಮುಂದೆ ಕೂತಿದ್ದಳು, ಸೌಟಿನ ತುದಿ ದವಡೆಗೆ. ಅಷ್ಟು ದಿನ ಕೇಳಿದ್ದೆಲ್ಲ ನನ್ನ ತಲೆಯಲ್ಲಿತ್ತು, ಜ್ವರವೂ ಇತ್ತು. ಅವಳಿಗೆ ನಿಜವಾಗಿ ಎಷ್ಟು ಕೇಳಿಸುತ್ತದೆ ಎಂದು ನೋಡಬೇಕೆನಿಸಿತು. ಉಸಿರಿನಲ್ಲಿ ಹೇಳಿದೆ, “ದೆವ್ವ.” ಅವಳು ಅಲುಗಲಿಲ್ಲ. ಮಾತಾಡುವ ದನಿಯಲ್ಲಿ ಹೇಳಿದೆ. ಸೌಟು ತಿರುಗುತ್ತಲೇ ಇತ್ತು. ಮೂರನೆಯ ಸಲ ಗಂಟಲು ಬಿರಿಯುವಂತೆ ಕೂಗಿದೆ, ಬೇಲಿಯ ಮೇಲಿದ್ದ ಕಾಗೆ ಎದ್ದು ಹೋಯಿತು. ಚಿಕ್ಕವ್ವ ತಣ್ಣಗೆ ಬೀಜ ಕೈಯಾಡಿಸುತ್ತಿದ್ದಳು. ನಾನು ಬಾಗಿಲ ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಬಂಡೆಯ ಮೇಲಿಟ್ಟೆ. ಆಗ ಅವಳು ತಿರುಗಿದಳು. ನಕ್ಕಳು.

“ಎದ್ಯಾ ಮಗ? ಬಂದು ಎಷ್ಟೊತ್ತಾಯ್ತು?”

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನೋವಿರಲಿಲ್ಲ. ಕೇಳಿಸಿದ್ದರೆ ಆ ಮುಖ ಹಾಗಿರಲು ಸಾಧ್ಯವಿರಲಿಲ್ಲ. ನಾನು ಹತ್ತಿರ ಹೋಗಿ ಅವಳ ಎದುರು ಕೂತು, ಎಲ್ಲರೂ ಮಾಡುತ್ತಿದ್ದಂತೆ ತುಟಿ ಅಲುಗಿಸದೆ, “ನಿಂಗೆ ಕಿವಿ ಕೇಳಲ್ವಾ ಚಿಕ್ಕವ್ವ?” ಎಂದೆ. ಅವಳು ಕಣ್ಣು ಕಿರಿದುಮಾಡಿ ಇನ್ನಷ್ಟು ಹತ್ತಿರ ಬಂದಳು. ಎರಡನೆಯ ಸಲ ಬಾಯಿ ಬಿಟ್ಟು ಕೇಳಿದೆ. ಅವಳ ಕೈಯಲ್ಲಿನ ಸೌಟು ನಿಂತಿತು.

ಮತ್ತೆ ಬೀಜ ಕೈಯಾಡಿಸುತ್ತ ಎಲ್ಲ ಹೇಳಿದಳು. ನನ್ನಷ್ಟು ವಯಸ್ಸಿಗೆ ಕಿವಿ ಸೋರಿ ಸೋರಿ ಕೇಳುವುದು ಕಮ್ಮಿಯಾಗಿತ್ತು. ಎದುರು ನಿಂತು ಜೋರಾಗಿ ಆಡಿದರೆ ತುಟಿ ನೋಡಿ ತಿಳಿಯುತ್ತಿತ್ತು. ನಮ್ಮ ಮನೆಯ ಗಲಾಟೆಗೇ ಅವಳಪ್ಪ ಮೆಚ್ಚಿ ಕೊಟ್ಟಿದ್ದನಂತೆ. ಡ್ರಮ್ಮಿನ ಹಿಡಿಗೆ ದವಡೆ ಒತ್ತಿದರೆ ಒಳಗಿನ ಬೀಜದ ಸಿಡಿತ ಮೂಳೆಯಲ್ಲಿ ಕೇಳುತ್ತದೆಂದು ಚಿಕ್ಕವಳಿರುವಾಗಲೇ ಕಂಡುಕೊಂಡಿದ್ದಳು. ನನ್ನ ಎರಡೂ ಕಿವಿಗೆ ಹತ್ತಿ ತುರುಕಿ, ಸೌಟಿನ ತುದಿಯನ್ನು ನನ್ನ ಹಲ್ಲಿಗೆ ಕೊಟ್ಟಳು. ಕಚ್ಚಿದೆ. ಹೊರಗಿನ ಲೋಕವೆಲ್ಲ ದೂರ ಹೋಗಿ ತಲೆಬುರುಡೆಯೊಳಗೆ ಚಟ್, ಚಟ್ ಎಂದು ಒಂದೊಂದೇ ಬೀಜ ಒಡೆಯತೊಡಗಿತು. ನಾನೇ ಬಾಂಡ್ಲಿಯೊಳಗಿದ್ದಂತೆ. ಹೆದರಿ ಬಿಟ್ಟುಬಿಟ್ಟೆ.

“ಕ್ವಾರಿದು ಕಾಲಿಗೆ ಬತ್ತದೆ,” ಎಂದಳು. “ಗುಡ್ಡ ತಿರುಗಿ ಕೂಗಿದ್ದು ಗಾಳಿಲಿ ಬತ್ತದೆ, ನಿಮ್ಮ ಕಿವಿಗೆ ಬೀಳ್ತದೆ. ಬಂಡೆಲಿ ಬರಾಕಿಲ್ಲ. ಅವತ್ತು ನೀವು ಗುಡ್ಡದ್ದೂ ಒಂದ ಸೇರಿಸ್ಕಂಡ್ರಿ.”

“ಅಂಗಾದ್ರೆ ಅಜ್ಜಿಗೆ ಹೇಳ್ಬುಡು ಚಿಕ್ಕವ್ವ. ಹೆದರ್ಕಂಡವ್ರೆ ಎಲ್ಲ.”

ಅವಳು ನನ್ನ ತುಟಿ ಓದಿ ಮುಗಿಸಿ ಬೇಡವೆಂದು ತಲೆ ಅಲ್ಲಾಡಿಸಿದಳು. “ಹೆದರಿದ್ರೆ ಹೆದರ್ಲಿ. ದೆವ್ವ ಹಿಡಿದದೆ ಅಂದ್ರೆ ಮೂಲೇಲಿ ಇಟ್ಕತಾರೆ. ಕಿವುಡಿ ಅಂತ ಗೊತ್ತಾದ್ರೆ ಮೋಸ ಮಾಡುದ್ರು ಅಂತ ತವರಿಗೆ ಕಳುಸ್ತಾರೆ. ನಮ್ಮಪ್ಪ ಎದೆ ಒಡ್ಕತಾನೆ. ಆಣೆ ಮಾಡು.”

ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಆಮೇಲೆ ಅವಳು ಬೀಜ ಜಜ್ಜಿ ನೋಡಿ, ಮೊರಕ್ಕೆ ಸುರಿದು, ಅರ್ಧ ಲೋಟ ಕಾಫಿ ಮಾಡಿಕೊಟ್ಟಳು. ಜ್ವರದ ಬಾಯಿಗೂ ಅದು ಹಿತವಾಗಿತ್ತು. ಇಳಿಹೊತ್ತಿನಲ್ಲಿ ಬಂಡೆಯ ಮೇಲೆ ಅಂಗೈಯಿಟ್ಟು, “ಬರ್ತಾವ್ರೆ, ಒಳಕ್ಕೋಗು,” ಎಂದಳು. ರಸ್ತೆಯಲ್ಲಿ ಏನೂ ಇರಲಿಲ್ಲ. ನಾನು ಹೋಗಿ ಕಂಬಳಿ ಹೊದ್ದುಕೊಂಡು ಬಹಳ ಹೊತ್ತಾದ ಮೇಲೆ ಟ್ರಾಕ್ಟರಿನ ಸದ್ದು ನನ್ನ ಕಿವಿಗೆ ಬಿತ್ತು. ಕಾರಣ ಗೊತ್ತಿದ್ದೂ ಮೈಮೇಲಿನ ರೋಮ ಎದ್ದು ನಿಂತಿತು.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಅಜ್ಜಿ ನಾಗಮಂಗಲದ ಕಡೆಯಿಂದ ಒಬ್ಬ ಮಂತ್ರಗಾರನನ್ನು ಕರೆಸಿದಳು. ದಪ್ಪ ಮೀಸೆ ತುಟಿಯನ್ನು ಪೂರ್ತಿ ಮುಚ್ಚಿತ್ತು, ಬಾಯಿ ತುಂಬ ಎಲೆಯಡಿಕೆ. ಅಜ್ಜಿ ಕೊಟ್ಟ ಕಾಫಿ ಒಂದು ಗುಟುಕು ಕುಡಿದು ಲೋಟವನ್ನು ದೂರ ಸರಿಸಿದ. ಚಿಕ್ಕವ್ವನನ್ನು ನಡುಮನೆಯಲ್ಲಿ ಕೂರಿಸಿ, ಬೇವಿನೆಣ್ಣೆಯನ್ನು ಕಾಸಿ ತರಲು ಹೇಳಿದ. ಹೊಗೆಯಾಡಬೇಕು ಎಂದ. ಮುಚ್ಚಿರಬೇಕಾದ ದಾರಿ ಎರಡೂ ಕಿವಿಯಲ್ಲಿ ತೆರೆದುಕೊಂಡಿದೆ, ಎಣ್ಣೆ ಬಿಟ್ಟರೆ ಮುಚ್ಚುತ್ತದೆ ಎಂದ. ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದ. ಮಂತ್ರಗಾರ ಚಿಕ್ಕವ್ವನ ಕಡೆ ಬಾಗಿ, “ಒಪ್ಗೆನಾ ತಾಯಿ?” ಎಂದು ಕೇಳಿದ. ಚಿಕ್ಕವ್ವ ಆ ಮೀಸೆಯನ್ನು ನೋಡಿದಳು. ಅಲ್ಲಿ ಓದಲು ಏನೂ ಇರಲಿಲ್ಲ. ಮುಗುಳ್ನಕ್ಕು ತಲೆಯಾಡಿಸಿದಳು.

ಅವ್ವ ಇಕ್ಕಳದಲ್ಲಿ ಎಣ್ಣೆಯ ಬಟ್ಟಲು ಹಿಡಿದು ತಂದಳು. ಎಣ್ಣೆಯ ಮೇಲೆ ನೀಲಿ ಹೊಗೆ.

“ಚಿಕ್ಕವ್ವಂಗೆ ಕಿವೀನೇ ಕೇಳಾಕಿಲ್ಲ,” ಎಂದು ನಾನು ಕೂಗಿದೆ.

ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಎದ್ದ ಮೊದಲ ದೊಡ್ಡ ದನಿ ಅದು. ಎಲ್ಲರೂ ನನ್ನ ಕಡೆ ತಿರುಗಿದರು. ಚಿಕ್ಕವ್ವ ಬಟ್ಟಲನ್ನೇ ನೋಡುತ್ತಿದ್ದಳು. ಚಿಕ್ಕಪ್ಪ ಬಾಗಿಲಿನಿಂದ ಬಂದು ಅವಳ ಹಿಂದೆ, ಮಾರು ದೂರದಲ್ಲಿ ನಿಂತ.

“ಗೌರಿ.”

ಅವಳು ತಿರುಗಲಿಲ್ಲ. ಇನ್ನೊಮ್ಮೆ ಕರೆದ. ಮೂರನೆಯ ಸಲ ಅವನ ದನಿ ಒಡೆದುಹೋಗಿತ್ತು. ಚಿಕ್ಕವ್ವ ಎಲ್ಲರ ಕಣ್ಣು ತನ್ನ ಹಿಂದೆ ನೆಟ್ಟಿರುವುದನ್ನು ಕಂಡು ಆಗ ತಿರುಗಿದಳು, ಗಂಡನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಮಂತ್ರಗಾರ ಎಲೆಯಡಿಕೆ ಉಗಿದು ಎದ್ದುಹೋದ. “ಕಿವುಡಿನ ತಂದು ನಮ್ಮ ತಲೆಗೆ ಕಟ್ಬುಟ್ರು,” ಎಂದು ಅಜ್ಜಿ ಜಗುಲಿಗೆ ಬಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಅಪ್ಪ ಕೊಟ್ಟಿಗೆಯಿಂದ ಅವಳಿಗೆ ಎದುರು ಕೂಗಿದ. ಹೆದರಿಕೆ ಹೋಗಿತ್ತು, ಅದರ ಜಾಗಕ್ಕೆ ತಿರಸ್ಕಾರ ಬಂದಿತ್ತು. ಅದು ಎಷ್ಟು ಬೇಗ ಬಂತೆಂದರೆ ಎರಡೂ ಒಂದೇ ಬಾಗಿಲ ಹೊರಗೆ ಕಾದು ನಿಂತಿದ್ದವೇನೋ ಅನಿಸುತ್ತದೆ. ಜೀವ ಉಳಿಸಿದವಳು ಎಂಬ ಮಾತನ್ನು ಅವ್ವನೊಬ್ಬಳು ಆಡಿದಳು, ಅದು ಆ ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ನಾಡಿದ್ದು ಬೆಳಿಗ್ಗೆಯ ಬಸ್ಸಿಗೆ ಕಳಿಸುವುದೆಂದು ತೀರ್ಮಾನವಾಯಿತು. ಆ ಸಂಜೆ ಕೊಟ್ಟಿಗೆಯಲ್ಲಿ ಚಿಕ್ಕಪ್ಪ ಅವ್ವನ ಹತ್ತಿರ ಹೇಳುವುದನ್ನು ನಾನು ಹುಲ್ಲಿನ ಮೆದೆಯ ಹಿಂದಿನಿಂದ ಕೇಳಿಸಿಕೊಂಡೆ.

“ಅತ್ತಿಗೆ, ಎರಡು ವರ್ಸ ದೀಪ ಆರಿಸಿದ್ಮೇಲೆ ನಾನು ಎಷ್ಟು ಆಡಿವ್ನಿ. ನಮ್ಮವ್ವಂಗೂ ಹೇಳ್ದೆ ಇದ್ದದ್ದು. ಅದೆಲ್ಲ ಯಾರ ಜೊತೆ ಆಡ್ದೆ ನಾನು?”

“ಅವಳನ್ನೇ ಕೇಳಪ್ಪ,” ಎಂದಳು ಅವ್ವ. “ದೀಪದ ಮುಂದೆ ಕುಂಡ್ರಿಸ್ಕಂಡು ಕೇಳು.”

ಅವನು ಆಗ ಕೇಳಲಿಲ್ಲ. ಕೇಳಿದ್ದು ಒಂದೂವರೆ ತಿಂಗಳಾದ ಮೇಲೆ, ಶ್ರೀರಂಗಪಟ್ಟಣಕ್ಕೆ ಹೋಗಿ. ಹೋದವನು ಚಿನಕುರಳಿಗೆ ಬಾಳಲು ಮರಳಲಿಲ್ಲ. ಬತ್ತಿ ಹಚ್ಚುವುದನ್ನು ಬಿಟ್ಟು ಮಾವನ ಜೊತೆ ಡ್ರಮ್ಮಿಗೆ ನಿಂತ. ಚಿಕ್ಕವ್ವ ಆ ಅಂಗಡಿಯಲ್ಲಿ ಬೀಜ ಇಳಿಸುವ ಹೊತ್ತು ಹೇಳುವವಳಾದಳು. ಅವಳು ಸೈ ಎನ್ನದೆ ಡ್ರಮ್ಮು ನಿಲ್ಲುತ್ತಿರಲಿಲ್ಲವಂತೆ. ಮಕ್ಕಳಾದರು. ನಾನು ಎಷ್ಟೋ ಸಲ ಹೋಗಿ ಅವರ ಮನೆಯಲ್ಲಿ ಉಂಡು ಬಂದಿದ್ದೇನೆ. ನನ್ನ ಬಾಣಂತನಕ್ಕೆ ಅವಳೇ ಬಂದಿದ್ದಳು. ಅಜ್ಜಿ ಮಾತ್ರ ಸಾಯುವ ತನಕ ತಾನೇ ಹುರಿದುಕೊಂಡ ಹಸಿ ಕಾಫಿಯನ್ನೇ ಕುಡಿದಳು, ರುಚಿಯಾಗಿದೆ ಎಂದೇ ಹೇಳಿದಳು. ಆ ಅಮಾವಾಸ್ಯೆಯ ಮಾತನ್ನು ನಾನೂ ಚಿಕ್ಕವ್ವನೂ ಇವತ್ತಿನವರೆಗೆ ಎತ್ತಿಲ್ಲ. ಎಣ್ಣೆಯಿಂದ ಉಳಿಸಿದೆ ಎಂದು ಅವಳು ತಿಳಿದಿದ್ದಾಳೋ, ಆಣೆ ಮುರಿದೆ ಎಂದು ತಿಳಿದಿದ್ದಾಳೋ, ನನಗೆ ಗೊತ್ತಿಲ್ಲ. ಎರಡೂ ನಿಜ.

ಅವಳು ಹೊರಟ ಬೆಳಿಗ್ಗೆ ಅಪ್ಪ ಅವಳ ಟ್ರಂಕು ಹೊತ್ತು ಬಸ್ಸಿನ ಹತ್ತಿರ ಬಂದ. ನಾನೂ ಬಂದೆ. ಎರಡು ದಿನದಿಂದ ಅವಳಿಗೆ ಹೇಳಲು ಒದ್ದಾಡುತ್ತಿದ್ದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಬೇರೆಯವರು ಸಿಟ್ಟಾದರೆ ಮಾತು ಬಿಡುತ್ತಾರೆ, ಆದರೂ ನಮ್ಮ ಮಾತು ಅವರ ಕಿವಿಗೆ ಬೀಳುತ್ತದೆ. ಇವಳು ಮುಖ ತಿರುಗಿಸಿದರೆ ಮುಗಿಯಿತು, ನಾನು ಅವಳ ಪಾಲಿಗೆ ಇಲ್ಲವೇ ಇಲ್ಲ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ನೇರ ಮುಂದೆ ನೋಡುತ್ತಿದ್ದಳು. ನಾನು ಕೆಳಗೆ ನಿಂತು ಅವಳ ಕೆನ್ನೆಗೆ ಹೇಳಿದೆ. ಅವ್ರು ಎಣ್ಣೆ ಬಿಡ್ತಿದ್ರು ಚಿಕ್ಕವ್ವ, ಅದಕ್ಕೇ ಹೇಳ್ದೆ. ನಾನು ಬೇಕಂತ ಹೇಳ್ಲಿಲ್ಲ. ಅವತ್ತು ನಿನ್ನ ದೆವ್ವ ಅಂದಿದ್ದೆ, ನಿಂಗೆ ಗೊತ್ತಿಲ್ಲ. ಬಸ್ಸಿನೊಳಗಿದ್ದವರೆಲ್ಲ ನನ್ನನ್ನು ನೋಡುತ್ತಿದ್ದರು. ಹೇಳುವುದೆಲ್ಲ ಮುಗಿಯಿತು. ಬಸ್ಸು ಅಲುಗಿತು. ಆಗ ಚಿಕ್ಕವ್ವ ತಿರುಗಿದಳು. ಕಿಟಕಿಯ ಸರಳಿಗೆ ಹಣೆ ಒತ್ತಿ, ನನ್ನ ತುಟಿಗಳನ್ನೇ ನೋಡುತ್ತ ಕಾದಳು. ಬಸ್ಸು ತಿರುವಿಗೆ ಹೋಗುವವರೆಗೂ ಹಾಗೆಯೇ ನೋಡುತ್ತಿದ್ದಳು. ನನಗೆ ಬಾಯಿ ತೆರೆಯಲಾಗಲಿಲ್ಲ.